ಸಾಲಮನ್ ಬ್ರೌನ್ ಹಾಲ್: ಮೌಸ್‌ಹೋಲ್ ಊರಿನ ಸ್ಮಾರಕ ಭವನ (ಮತ್ತು ಲಿಡಿಯಾ ಬ್ರೌನ್)

ತೀರದ_ತೆಂಗು

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಾರ್ನ್‌ವಾಲ್ ಇದೆ. ಅಲ್ಲಿನ ಮೌಸ್‌ಹೋಲ್ ಅನ್ನೋ ಪುಟ್ಟ ಮೀನುಗಾರರ ಊರಿಗೆ ಈಚೆಗೆ ಹೋಗಿದ್ದೆ. ಬರೆಯೋದು ಇಲಿಬಿಲ ಅಂತ, ಕರೆಯೋದು ಮಾತ್ರ ‘ಮೌಝಲ್’. ಬಸ್ಸಿನಲ್ಲಿ ನಾನು ಬರೆದ ಹಾಗೇ ಓದಿ ಟಿಕೆಟ್ ಕೇಳಿದೆ. ಡ್ರೈವರ್ ಏನೂ ಹೇಳಲಿಲ್ಲ, ಮೀಸೆಯಲ್ಲೇ ನಕ್ಕ.

ಬಂದರು ಅಂದರೆ ನಮ್ಮ ಕಡೆಯ ದೊಡ್ಡ ಕೆರೆಯಷ್ಟೇ. ಎರಡು ಕಲ್ಲಿನ ಗೋಡೆ ತೋಳು ಚಾಚಿದ ಹಾಗೆ ಬಾಗಿವೆ, ನಡುವೆ ಇಕ್ಕಟ್ಟಾದ ಬಾಯಿ. ಚಳಿಗಾಲದಲ್ಲಿ ಆ ಬಾಯಿಗೂ ದಪ್ಪ ಮರದ ತೊಲೆಗಳನ್ನು ಅಡ್ಡ ಇಳಿಸಿ ಮುಚ್ಚಿಬಿಡುತ್ತಾರೆ. ಇಲ್ಲದಿದ್ದರೆ ಅಲೆ ಒಳಗೆ ನುಗ್ಗಿ ದೋಣಿಗಳನ್ನು ಗೋಡೆಗೆ ಬಡಿಯುತ್ತದೆ.

ಅಲ್ಲಿ ಡಕ್ ಸ್ಟ್ರೀಟ್ ಅಂತ ಒಂದು ಓಣಿ. ಅದರಲ್ಲಿ ಊರಿನ ಸಭಾಂಗಣ. ಹೆಸರು ‘ಸಾಲಮನ್ ಬ್ರೌನ್ ಮೆಮೋರಿಯಲ್ ಹಾಲ್’. ಯಾರೋ ದೊಡ್ಡ ಸಾಹುಕಾರ ಇರಬೇಕು, ಇಲ್ಲ ಯುದ್ಧದಲ್ಲಿ ಸತ್ತ ಸೈನಿಕ ಇರಬೇಕು ಅಂದುಕೊಂಡೆ. ಬಾಗಿಲಿನ ಹತ್ತಿರ ಕಾಫಿ ಕೂಟ, ಹಳೇ ಬಟ್ಟೆ ಮಾರಾಟದ ಚೀಟಿ ಅಂಟಿಸುತ್ತಿದ್ದ ಅಜ್ಜಿಯೊಬ್ಬರನ್ನು ಸುಮ್ನೆ ಕೇಳಿದೆ, ಈ ಸಾಲಮನ್ ಬ್ರೌನ್ ಯಾರು ಅಂತ. ಅವರು ನನ್ನ ಮುಖ ನೋಡಿದರು. “ಅವನಲ್ಲ, ಅವಳು” ಅಂದರು.

ದೋಣಿಯ ಹೆಸರು ಅದು! ಇಂಗ್ಲಿಷಿನಲ್ಲಿ ದೋಣಿಯನ್ನು ‘ಅವಳು’ ಅನ್ನುತ್ತಾರೆ. 1981ರ ಡಿಸೆಂಬರ್ 19ರ ರಾತ್ರಿ ಎಂಟು ಜನರನ್ನು ಕರೆದುಕೊಂಡು ಹೋಗಿ ವಾಪಸ್ ಬರದ ಲೈಫ್‌ಬೋಟ್.

ಈ ಕತೆ ಗೊತ್ತಿದ್ದವರು ಯಾರಾದರೂ ಇದ್ದೀರಾ? ಹಡಗಿನಲ್ಲಿ ಕೆಲಸ ಮಾಡಿದವರು ಇಲ್ಲಿ ಇಬ್ಬರು ಮೂವರು ಇದ್ದೀರಿ ಅಂತ ನೆನಪು.

ಸುಮ್ನೆ_ಓದುಗ

ಲೈಫ್‌ಬೋಟ್ ಅಂದರೆ ಹಡಗಿನ ಪಕ್ಕದಲ್ಲಿ ನೇತುಹಾಕಿರುತ್ತಾರಲ್ಲ, ಅದೇನಾ?

ಎಂಜಿನ್_ಕೋಣೆ

@ಸುಮ್ನೆ_ಓದುಗ ಅದಲ್ಲ. ಇದು ದಡದಲ್ಲಿ ಕಾಯುವ ದೋಣಿ. ಬ್ರಿಟನ್ನಿನಲ್ಲಿ ಸಮುದ್ರದಲ್ಲಿ ಸಿಕ್ಕಿಹಾಕಿಕೊಂಡವರನ್ನು ಕಾಪಾಡಲು ಆರ್‌ಎನ್‌ಎಲ್‌ಐ ಅಂತ ಒಂದು ಸಂಸ್ಥೆ ಇದೆ, 1824ರಿಂದ. ಸರ್ಕಾರದ್ದಲ್ಲ. ಜನ ಕೊಡುವ ದೇಣಿಗೆಯಿಂದಲೇ ನಡೆಯುತ್ತದೆ. ಸಿಬ್ಬಂದಿಯಲ್ಲಿ ಹೆಚ್ಚಿನವರು ಸಂಬಳ ಇಲ್ಲದ ಊರಿನವರು: ಮೀನುಗಾರ, ಬಡಗಿ, ಹೋಟೆಲಿನವ. ಕರೆ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ.

ನಾನು ಇಪ್ಪತ್ತೆರಡು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಕಳೆದವನು. ಆ ರಾತ್ರಿಯ ಕತೆ ನಮ್ಮವರಿಗೆಲ್ಲ ಗೊತ್ತು, ಯಾಕೆಂದರೆ ಅದು ಶುರುವಾದದ್ದೇ ಎಂಜಿನ್ನಿನಿಂದ.

ಯೂನಿಯನ್ ಸ್ಟಾರ್ ಅನ್ನೋ ಸಣ್ಣ ಸರಕು ಹಡಗು. ಹೊಚ್ಚ ಹೊಸದು, ಅದರ ಮೊದಲ ಯಾನ. ನೆದರ್‌ಲ್ಯಾಂಡ್ಸ್‌ನ ಐಮೌಡೆನ್‌ನಿಂದ ಐರ್ಲೆಂಡಿನ ಆರ್ಕ್ಲೋಗೆ ಗೊಬ್ಬರ ಹೊತ್ತು ಹೊರಟಿತ್ತು. ಐದು ಜನ ಸಿಬ್ಬಂದಿ. ಕ್ರಿಸ್‌ಮಸ್ ಒಟ್ಟಿಗೆ ಕಳೆಯೋಣ ಅಂತ ಕ್ಯಾಪ್ಟನ್ ನಡುದಾರಿಯಲ್ಲಿ ಹೆಂಡತಿಯನ್ನೂ ಆಕೆಯ ಹದಿಹರೆಯದ ಇಬ್ಬರು ಹೆಣ್ಣುಮಕ್ಕಳನ್ನೂ ಹತ್ತಿಸಿಕೊಂಡಿದ್ದರು. ಒಟ್ಟು ಎಂಟು ಜನ.

ವುಲ್ಫ್ ರಾಕ್ ದೀಪಸ್ತಂಭದಿಂದ ಸುಮಾರು 8 ಮೈಲು ಪೂರ್ವದಲ್ಲಿ ಎಂಜಿನ್ ನಿಂತಿತು. ಇಂಧನಕ್ಕೆ ಸಮುದ್ರದ ನೀರು ಸೇರಿತ್ತು. ಡೀಸೆಲ್‌ಗೆ ಉಪ್ಪುನೀರು ಬೆರೆತರೆ ಎಷ್ಟು ಹೊಸ ಎಂಜಿನ್ ಆದರೂ ಕಬ್ಬಿಣದ ಗಡ್ಡೆ ಅಷ್ಟೇ. ಎಂಜಿನ್ ಇಲ್ಲದ ಹಡಗಿಗೆ ಮೂತಿಯನ್ನು ಗಾಳಿಗೆ ಎದುರಾಗಿ ಹಿಡಿಯಲು ಆಗುವುದಿಲ್ಲ. ಅಡ್ಡಡ್ಡ ತಿರುಗುತ್ತದೆ, ಅಲೆ ನೇರ ಪಕ್ಕೆಗೆ ಹೊಡೆಯುತ್ತದೆ. ಗಾಳಿ ಅದನ್ನು ಬಂಡೆಗಳ ಕಡೆಗೇ ತಳ್ಳುತ್ತಿತ್ತು.

ಹತ್ತಿರದಲ್ಲಿ ನೂರ್ಡ್ ಹಾಲೆಂಡ್ ಅನ್ನೋ ಟಗ್ ಇತ್ತು. ಎಳೆದುಕೊಂಡು ಹೋಗುತ್ತೇವೆ ಅಂದಿತು, ಆದರೆ ಲಾಯ್ಡ್ಸ್ ಓಪನ್ ಫಾರ್ಮ್ ಕರಾರಿನ ಮೇಲೆ. ಹಡಗು ಉಳಿಸಿದರೆ ಮಾತ್ರ ದುಡ್ಡು, ಉಳಿಸದಿದ್ದರೆ ಏನೂ ಇಲ್ಲ. ಉಳಿಸಿದರೆ ಹಡಗು, ಸರಕುಗಳ ಬೆಲೆ ನೋಡಿ ಮೊತ್ತ ನಿಗದಿಯಾಗುತ್ತದೆ, ಅದು ಜಾಸ್ತಿಯೇ ಇರುತ್ತದೆ. ಕ್ಯಾಪ್ಟನ್ ಮೊದಲು ಒಪ್ಪಲಿಲ್ಲ, ಮಾಲೀಕರನ್ನು ಕೇಳಬೇಕಿತ್ತು. ಆಮೇಲೆ ಒಪ್ಪಿಗೆ ಸಿಕ್ಕಿತು, ಅಷ್ಟರಲ್ಲಿ ಹವಾ ಕೈಮೀರಿತ್ತು.

ಈ ವಿಷಯಕ್ಕೆ ಆ ಕ್ಯಾಪ್ಟನ್ನನ್ನು ಬೈಯುವವರು ತುಂಬಾ ಜನ. ನಾನು ಬೈಯುವುದಿಲ್ಲ. ಎಂಜಿನ್ ಇನ್ನೇನು ಸರಿಹೋಗುತ್ತದೆ ಅಂತ ಕೆಳಗಿನಿಂದ ನಮ್ಮಂಥವರು ಹೇಳುತ್ತಲೇ ಇರುತ್ತೇವೆ. ಅದನ್ನು ನಂಬಿಕೊಂಡೇ ಮೇಲಿನವರು ತೀರ್ಮಾನ ಮಾಡೋದು.

ತೀರದ_ತೆಂಗು

ಮುಂದೆ ಬರೀರಿ. ಹೆಲಿಕಾಪ್ಟರ್ ಬಂದಿತ್ತು ಅಂತ ಅಜ್ಜಿ ಹೇಳಿದರು.

ಎಂಜಿನ್_ಕೋಣೆ

ಬಂದಿತ್ತು. ಕಲ್ಡ್ರೋಸ್ ನೌಕಾನೆಲೆಯ ಸೀ ಕಿಂಗ್. ಓಡಿಸುತ್ತಿದ್ದವರು ಅಮೆರಿಕದ ನೌಕಾಪಡೆಯ ಅಧಿಕಾರಿ ರಸೆಲ್ ಸ್ಮಿತ್, ಆಗ ಬ್ರಿಟಿಷರ ಜೊತೆ ಕೆಲಸದಲ್ಲಿದ್ದರು. ಗಾಳಿ 90 ನಾಟ್, ಅಂದರೆ ಗಂಟೆಗೆ 165 ಕಿಲೋಮೀಟರ್ ಮೀರಿ. ಅಲೆಗಳು 60 ಅಡಿ, ನಾಲ್ಕೈದು ಮಾಳಿಗೆಯ ಮನೆಯಷ್ಟು. ಹಡಗಿನ ಕಂಬ ಹೇಗೆ ಹೊಯ್ದಾಡುತ್ತಿತ್ತು ಅಂದರೆ ಹೆಲಿಕಾಪ್ಟರಿನ ರೆಕ್ಕೆಗೇ ತಾಗುವ ಹಾಗೆ. ಹಗ್ಗ ಇಳಿಸಿ ಒಬ್ಬರನ್ನೂ ಎತ್ತಲು ಆಗಲಿಲ್ಲ.

ಉಳಿದದ್ದು ಲೈಫ್‌ಬೋಟ್ ಒಂದೇ. ಮೌಸ್‌ಹೋಲ್ ಪಕ್ಕದ ಪೆನ್ಲೀ ಪಾಯಿಂಟ್‌ನಿಂದ ರಾತ್ರಿ 8 ಗಂಟೆ 12 ನಿಮಿಷಕ್ಕೆ ಜಾರುಹಾದಿಯಿಂದ ನೀರಿಗೆ ಬಿಟ್ಟರು. 1960ರಲ್ಲಿ ಕಟ್ಟಿದ 47 ಅಡಿಯ ಮರದ ದೋಣಿ. ಮರದ್ದು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ದೋಣಿಯ ಮುಖ್ಯಸ್ಥ ಟ್ರೆವೆಲಿಯನ್ ರಿಚರ್ಡ್ಸ್, 56 ವರ್ಷ. ಜೊತೆಗೆ ಸ್ಟೀಫನ್ ಮ್ಯಾಡ್ರನ್, ನೈಜಲ್ ಬ್ರಾಕ್‌ಮನ್, ಜಾನ್ ಬ್ಲೂಯೆಟ್, ಚಾರ್ಲ್ಸ್ ಗ್ರೀನ್‌ಹಾ, ಕೆವಿನ್ ಸ್ಮಿತ್, ಬ್ಯಾರಿ ಟಾರಿ, ಗ್ಯಾರಿ ವಾಲಿಸ್. ಎಲ್ಲರೂ ಮೌಸ್‌ಹೋಲ್‌ನವರೇ. ನೈಜಲ್ ಅವರ 17 ವರ್ಷದ ಮಗನೂ ಓಡಿಬಂದಿದ್ದ. ಇಂಥ ರಾತ್ರಿ ಒಂದೇ ಮನೆಯಿಂದ ಇಬ್ಬರು ಬೇಡ ಅಂತ ರಿಚರ್ಡ್ಸ್ ಅವನನ್ನು ಹತ್ತಿಸಿಕೊಳ್ಳಲಿಲ್ಲ. ಆ ಹುಡುಗ ಮುಂದೆ ಇದೇ ಪೆನ್ಲೀ ಲೈಫ್‌ಬೋಟಿನ ಮುಖ್ಯಸ್ಥನಾದ.

ಮೇಲಿನಿಂದ ಪೈಲಟ್ ನೋಡುತ್ತಿದ್ದರು. ಲೈಫ್‌ಬೋಟ್ ಮತ್ತೆ ಮತ್ತೆ ಹಡಗಿನ ಪಕ್ಕಕ್ಕೆ ಹೋಗುತ್ತದೆ, ಅಲೆ ಎತ್ತಿ ಅದನ್ನು ಹಡಗಿನ ಅಟ್ಟದ ಮೇಲೇ ಕುಕ್ಕುತ್ತದೆ, ಅದು ಜಾರಿ ಮತ್ತೆ ನೀರಿಗೆ ಬೀಳುತ್ತದೆ. ಮತ್ತೆ ಹೋಗುತ್ತದೆ. ಕೊನೆಗೆ ರೇಡಿಯೋದಲ್ಲಿ ನಾಲ್ಕು ಜನರನ್ನು ಇಳಿಸಿಕೊಂಡಿದ್ದೇವೆ ಅಂತ ಕೇಳಿಸಿತು. ಆಗ 9 ಗಂಟೆ 21 ನಿಮಿಷ. ಆಮೇಲೆ ಏನೂ ಕೇಳಿಸಲಿಲ್ಲ.

ಬೇರೆ ಮೂರು ಲೈಫ್‌ಬೋಟ್‌ಗಳು ಹುಡುಕಲು ಪ್ರಯತ್ನಪಟ್ಟವು: ಸೆನೆನ್ ಕೋವ್, ಲಿಝರ್ಡ್, ಸೇಂಟ್ ಮೇರೀಸ್. ಬೆಳಿಗ್ಗೆ ನೋಡಿದರೆ ಟೇಟರ್ ಡೂ ದೀಪಸ್ತಂಭದ ಹತ್ತಿರ ಯೂನಿಯನ್ ಸ್ಟಾರ್ ತಲೆಕೆಳಗಾಗಿ ಬಿದ್ದಿತ್ತು. ಲೈಫ್‌ಬೋಟ್ ಸಿಕ್ಕಿದ್ದು ಚೂರು ಚೂರು ಮರವಾಗಿ. ಎರಡೂ ಸೇರಿ 16 ಜನ ಹೋದರು.

ಇದಕ್ಕಿಂತ ದೊಡ್ಡ ಧೈರ್ಯವನ್ನು ತಾನು ಕಂಡಿಲ್ಲ, ಇನ್ನು ಕಾಣುವುದೂ ಇಲ್ಲ ಅನ್ನುವ ಅರ್ಥದಲ್ಲಿ ಆ ಪೈಲಟ್ ಆಮೇಲೆ ಬರೆದರು. ರಿಚರ್ಡ್ಸ್ ಅವರಿಗೆ ಚಿನ್ನದ ಪದಕ ಬಂತು, ಉಳಿದ ಏಳು ಜನಕ್ಕೆ ಕಂಚಿನದು.

ಮಲ್ಪೆಬಂದರ್

ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ.

ವಾದಪ್ರಿಯ

ಕತೆ ದೊಡ್ಡದೇ, ಒಪ್ಪುತ್ತೇನೆ. ಆದರೆ ನನಗೊಂದು ಪ್ರಶ್ನೆ. ಸತ್ತವರು ಎಂಟು ಜನ, ಹೆಸರು ಮಾತ್ರ ದೋಣಿಯದ್ದು. ಇದೆಂಥಾ ನ್ಯಾಯ? ನಮ್ಮ ಊರಿನ ವೀರಗಲ್ಲುಗಳನ್ನು ನೋಡಿ. ದನ ಕಾಯಲು ಹೋಗಿ ಸತ್ತ ಸಾಮಾನ್ಯ ಆಳಿನ ಹೆಸರನ್ನೂ ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಕೊರೆದಿದ್ದಾರೆ. ಯಾರ ಮಗ, ಯಾವ ಊರು, ಯಾರ ಜೊತೆ ಹೋರಾಡಿದ, ಎಲ್ಲ. ಟ್ರೆವೆಲಿಯನ್ ರಿಚರ್ಡ್ಸ್ ಹಾಲ್ ಅಂತ ಇಡಬಹುದಿತ್ತಲ್ಲ?

ಇನ್ನೊಂದು. ಸ್ಮಾರಕ ಅಂದಮೇಲೆ ಅಲ್ಲಿ ಕಾಫಿ ಕುಡಿಯೋದು, ಹಳೇ ಬಟ್ಟೆ ಮಾರೋದು ಎಲ್ಲ ಯಾಕೆ? ನನ್ನೂರಲ್ಲಿ ಒಬ್ಬ ಹೋರಾಟಗಾರರ ಹೆಸರಿನಲ್ಲಿ ಒಂದು ಭವನ ಕಟ್ಟಿದರು. ಈಗ ಅದು ಮದುವೆ ಹಾಲ್. ಪಟದ ಮುಂದೆ ಐಸ್‌ಕ್ರೀಮ್ ಡಬ್ಬ ಇಟ್ಟಿರುತ್ತಾರೆ.

ಇತಿಹಾಸದ_ಹುಳ

@ವಾದಪ್ರಿಯ ನಿಮ್ಮ ಎರಡನೇ ಪ್ರಶ್ನೆ ಹೊಸದೇನಲ್ಲ. ಮೊದಲ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಹಳ್ಳಿ ಹಳ್ಳಿಯಲ್ಲೂ ಇದೇ ಜಗಳ. ಸತ್ತವರಿಗೆ ಕಲ್ಲಿನ ಶಿಲುಬೆ ನಿಲ್ಲಿಸೋಣವಾ, ಬದುಕಿರುವವರಿಗೆ ಉಪಯೋಗವಾಗುವ ಹಾಲ್ ಕಟ್ಟೋಣವಾ? ಕಲ್ಲು ಬೇಕು ಅನ್ನುವವರದ್ದು ನಿಮ್ಮದೇ ಮಾತು: ಹಾಲ್ ಕಟ್ಟಿದರೆ ಎರಡು ತಲೆಮಾರಿಗೆ ಯಾಕೆ ಕಟ್ಟಿದ್ದು ಅಂತಲೇ ಮರೆತುಹೋಗುತ್ತದೆ. ಹಾಲ್ ಬೇಕು ಅನ್ನುವವರು ಕಲ್ಲಿಗೆ ವರ್ಷಕ್ಕೊಂದು ದಿನ ಹೂವು ಬಿಟ್ಟರೆ ಇನ್ನೇನಿದೆ ಅಂತಿದ್ದರು. ಅಂತೂ ಎರಡೂ ಆದವು. ‘ಮೆಮೋರಿಯಲ್ ಹಾಲ್’ ಅನ್ನೋ ಬೋರ್ಡು ಆ ದೇಶದಲ್ಲಿ ಅಷ್ಟೊಂದು ಕಾಣಿಸೋದು ಅದಕ್ಕೇ.

ನ್ಯೂಜಿಲೆಂಡಿನಲ್ಲಂತೂ ಎರಡನೇ ಯುದ್ಧದ ನಂತರ ಸರ್ಕಾರವೇ ಹಾಲ್‌ಗಳ ಪಕ್ಷ ಹಿಡಿಯಿತು. ಊರಿನವರು ಒಂದು ಪೌಂಡ್ ಕೂಡಿಸಿದರೆ ಸರ್ಕಾರ ಇನ್ನೊಂದು ಪೌಂಡ್ ಸೇರಿಸುತ್ತಿತ್ತು. ಆ ದುಡ್ಡಲ್ಲಿ ನೂರಾರು ಸ್ಮಾರಕ ಹಾಲ್‌ಗಳು ಎದ್ದವು. ಕುಣಿತ, ಬ್ಯಾಡ್ಮಿಂಟನ್, ಶೋಕಸಭೆ, ಎಲ್ಲ ಒಂದೇ ಮರದ ನೆಲದ ಮೇಲೆ.

ಮೌಸ್‌ಹೋಲ್‌ನಲ್ಲಿ ಶೋಕಕ್ಕೆ ಬೇರೆ ಜಾಗಗಳಿವೆ. ಪೆನ್ಲೀ ಪಾಯಿಂಟ್‌ನ ಹಳೇ ದೋಣಿಮನೆಯನ್ನು ಹಾಗೇ ಬಿಟ್ಟಿದ್ದಾರೆ, ಪಕ್ಕದಲ್ಲೊಂದು ಪುಟ್ಟ ತೋಟ. ಗುಡ್ಡದ ಮೇಲೆ ಪಾಲ್ ಅನ್ನೋ ಊರಿನ ಚರ್ಚಿನಲ್ಲೂ ಸ್ಮಾರಕ ಇದೆ. ಅಲ್ಲಿ ಎಂಟು ಹೆಸರುಗಳೂ ಸಿಗುತ್ತವೆ. ಹಾಗಾಗಿ ಹಾಲ್ ಆರಾಮವಾಗಿ ಹಾಲ್ ಆಗಿರಬಹುದು.

ತೀರದ_ತೆಂಗು

ಆ ದೋಣಿಮನೆ ನೋಡಿದೆ. ರಸ್ತೆಯಿಂದ ಮೆಟ್ಟಿಲು ಇಳಿದು ಹೋಗಬೇಕು. ಬಾಗಿಲು ಹಾಕಿದೆ. ಕೆಳಗೆ ಜಾರುಹಾದಿ ಸೀದಾ ನೀರಿಗೆ ಇಳಿಯುತ್ತದೆ, ಇನ್ನೇನು ಈಗಲೇ ದೋಣಿ ಬಿಡುತ್ತಾರೇನೋ ಅನ್ನುವ ಹಾಗೆ. 1983ರಲ್ಲಿ ಹೊಸ, ದೊಡ್ಡ ಲೈಫ್‌ಬೋಟ್ ಬಂದಾಗ ಅದನ್ನು ಪಕ್ಕದ ನ್ಯೂಲಿನ್ ಬಂದರಿನಲ್ಲಿ ಇಟ್ಟರು. ಜಾಗ ಬದಲಾದರೂ ಇವತ್ತಿಗೂ ಅದು ‘ಪೆನ್ಲೀ’ ಲೈಫ್‌ಬೋಟೇ. ಹೆಸರನ್ನು ಬಿಡಲಿಲ್ಲ.

ಆಮೇಲೆ ಇದನ್ನು ಹೇಳಲೇಬೇಕು. ಎಂಟು ಜನ ಹೋದ ಒಂದು ದಿನದೊಳಗೆ ಹೊಸ ತಂಡ ಆಗುವಷ್ಟು ಜನ ಅದೇ ಊರಿನಲ್ಲಿ ಹೆಸರು ಕೊಟ್ಟಿದ್ದರು. ಚಿಕ್ಕ ಊರು ಅದು, ಎಲ್ಲರ ಮನೆಗೂ ಎಲ್ಲರ ನಂಟು.

ಮಲ್ಪೆಬಂದರ್

@ವಾದಪ್ರಿಯ ಅವರ ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ.

2018ರ ಡಿಸೆಂಬರ್ 13ಕ್ಕೆ ನಮ್ಮ ಮಲ್ಪೆಯಿಂದ ‘ಸುವರ್ಣ ತ್ರಿಭುಜ’ ಬೋಟು ಹೊರಟಿತು. ಏಳು ಜನ. 15ರ ನಂತರ ಸಂಪರ್ಕವೇ ಇಲ್ಲ. ನಾಲ್ಕೂವರೆ ತಿಂಗಳು ಬಂದರಿನಲ್ಲಿ ಬೇರೆ ಮಾತಿಲ್ಲ. ಮೇ ತಿಂಗಳ ಶುರುವಿನಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ನೀರಿನಡಿ ಅವಶೇಷ ಸಿಕ್ಕಿತು. ಜನ ಸಿಗಲಿಲ್ಲ.

ಈಗಲೂ ನಾವು ಮಾತಾಡುವಾಗ ಏಳು ಹೆಸರು ಹೇಳುವುದಿಲ್ಲ. ‘ತ್ರಿಭುಜದವರು’ ಅಂತೀವಿ. ಅದು ಅವರನ್ನು ಮರೆತದ್ದಲ್ಲ. ಒಬ್ಬರ ಹೆಸರು ಹೇಳಿದರೆ ಉಳಿದ ಆರು ಮನೆಯವರು ಎದುರಿಗೇ ಇರುತ್ತಾರಲ್ಲ. ದೋಣಿಯ ಹೆಸರು ಹೇಳಿದರೆ ಎಲ್ಲರನ್ನೂ ಕರೆದ ಹಾಗೆ. ಸಮುದ್ರಕ್ಕೆ ಹೋಗುವವರಿಗೆ ಇದು ಅರ್ಥ ಆಗುತ್ತದೆ. ಅಲ್ಲಿ ಹೋದವರು ಒಬ್ಬೊಬ್ಬರಾಗಿ ಹೋಗಿಲ್ಲ.

ವಾದಪ್ರಿಯ

ಈ ಕೋನದಿಂದ ನಾನು ಯೋಚನೆ ಮಾಡಿರಲಿಲ್ಲ. ಮಾತು ವಾಪಸ್. ಮದುವೆ ಹಾಲ್ ವಿಷಯ ಮಾತ್ರ ವಾಪಸ್ ತಗೊಳ್ಳಲ್ಲ.

ಅಡಿಗೆಮನೆ_ಅಕ್ಕ

ಮನಸ್ಸು ಭಾರ ಆಯಿತು. ನಾನು ಮೌಸ್‌ಹೋಲ್ ಹೆಸರು ಕೇಳಿದ್ದು ಬೇರೆ ಕಾರಣಕ್ಕೆ, ಹೇಳಲಾ ಬೇಡವಾ ಅಂತ ಯೋಚಿಸುತ್ತಿದ್ದೆ. ಅಲ್ಲೊಂದು ಮೀನಿನ ಪೈ ಮಾಡುತ್ತಾರೆ, ಸ್ಟಾರ್‌ಗೇಝಿ ಪೈ ಅಂತ. ಮೀನಿನ ತಲೆಗಳು ಹಿಟ್ಟಿನ ಮುಚ್ಚಳದಿಂದ ಹೊರಗೆ ಇಣುಕಿ ಆಕಾಶ ನೋಡುತ್ತಿರುತ್ತವೆ. ಟಾಮ್ ಬಾಕಾಕ್ ಅನ್ನೋ ಮೀನುಗಾರ ಬಿರುಗಾಳಿಯಲ್ಲೇ ಹೋಗಿ ಮೀನು ತಂದು ಹಸಿದ ಊರಿಗೆ ಉಣಿಸಿದ ಅಂತ ಐತಿಹ್ಯ. ಪ್ರತಿ ಡಿಸೆಂಬರ್ 23ಕ್ಕೆ ಅವನ ಹಬ್ಬ.

ಆ ಪೈಗೆ ಹಾಕುವ ಪಿಲ್ಚರ್ಡ್ ಮೀನು ಅಂದರೆ ನಮ್ಮ ಬೂತಾಯಿಯ ಜಾತಿಯದ್ದೇ. ಹುಳಿಮುಂಚಿ ಮಾಡಬೇಕಾದ ಮೀನನ್ನು ಹಿಟ್ಟಿನೊಳಗೆ ನಿಲ್ಲಿಸಿದ್ದಾರಲ್ಲ ಅಂತ ನನಗೆ ಸಂಕಟ.

ತೀರದ_ತೆಂಗು

@ಅಡಿಗೆಮನೆ_ಅಕ್ಕ ಹೇಳಿದ್ದು ಒಳ್ಳೆಯದೇ ಆಯಿತು, ಅದಕ್ಕೂ ಇದಕ್ಕೂ ನಂಟಿದೆ. (ನಮ್ಮ ಕುಮಟಾ ಕಡೆ ಅದು ತಾರ್ಲೆ. ನಾನಾದರೂ ಹುರಿದೇ ತಿನ್ನೋದು.) ಆ ಹಬ್ಬದ ಪೈ ಸಿಗುವುದು ಬಂದರಿನ ಎದುರಿಗಿರುವ ಶಿಪ್ ಇನ್ ಅನ್ನೋ ಪಬ್ಬಿನಲ್ಲಿ. ಅದನ್ನು ನಡೆಸುತ್ತಿದ್ದವರು ಚಾರ್ಲ್ಸ್ ಗ್ರೀನ್‌ಹಾ, ಆ ರಾತ್ರಿ ಹೋದ ಎಂಟು ಜನರಲ್ಲಿ ಒಬ್ಬರು.

ಊರಿನವರು 1963ರಿಂದ ಕ್ರಿಸ್‌ಮಸ್‌ಗೆ ಬಂದರಿನ ಸುತ್ತ ದೀಪ ಹಚ್ಚುತ್ತಾರೆ. 1981ರಲ್ಲಿ ಡಿಸೆಂಬರ್ 17ಕ್ಕೆ ಆ ದೀಪಗಳ ಸ್ವಿಚ್ ಒತ್ತಿದ್ದು ಇದೇ ಗ್ರೀನ್‌ಹಾ. ಎರಡೇ ದಿನ. ಆಮೇಲೆ ಊರು ದೀಪ ಆರಿಸಿತು. ಮತ್ತೆ ಹಚ್ಚಿ ಅಂತ ಕೇಳಿಕೊಂಡದ್ದು ಅವರ ಹೆಂಡತಿ.

ಈಗಲೂ ಡಿಸೆಂಬರ್ 19ರ ರಾತ್ರಿ 8ರಿಂದ 9ರವರೆಗೆ ದೀಪಗಳನ್ನು ಆರಿಸುತ್ತಾರೆ. ಒಂದು ಶಿಲುಬೆ ಮತ್ತು ದೇವದೂತರ ದೀಪ ಮಾತ್ರ ಉರಿಯುತ್ತವೆ. ನಾಲ್ಕು ದಿನ ಬಿಟ್ಟು ಟಾಮ್ ಬಾಕಾಕ್ ಹಬ್ಬ, ಪೈ, ಹಾಡು.

ಸುಮ್ನೆ_ಓದುಗ

ಅವರ ಮನೆಯವರಿಗೆ ಪರಿಹಾರ ಏನಾದರೂ ಸಿಕ್ಕಿತಾ?

ಇತಿಹಾಸದ_ಹುಳ

ದೇಶದ ಜನ ದುಡ್ಡು ಕಳಿಸಿದರು, 30 ಲಕ್ಷ ಪೌಂಡ್‌ಗೂ ಮೇಲೆ. ಸರ್ಕಾರ ಅದರ ಮೇಲೆ ತೆರಿಗೆ ಹಾಕಲು ನೋಡಿತು. ಜನ ಸುಮ್ಮನೆ ಬಿಡುತ್ತಾರಾ? ದೊಡ್ಡ ಗದ್ದಲವಾಗಿ ಸರ್ಕಾರ ಹಿಂದೆ ಸರಿಯಿತು.

ಆ ಪಾಲ್ ಚರ್ಚಿನ ಬಗ್ಗೆ ಒಂದು ಉಪಕತೆ, ಕ್ಷಮಿಸಿ, ತಡೆಯಲಾಗುತ್ತಿಲ್ಲ. ಅದರ ಅಂಗಳದ ಗೋಡೆಯಲ್ಲಿ ಡಾಲಿ ಪೆಂಟ್ರೀತ್ ಅನ್ನೋ ಮೀನು ಮಾರುವ ಮುದುಕಿಯ ಸ್ಮಾರಕ ಇದೆ. ಮೌಸ್‌ಹೋಲ್‌ನವರೇ, ತೀರಿಕೊಂಡದ್ದು 1777ರಲ್ಲಿ. ಕಾರ್ನಿಷ್ ಭಾಷೆಯನ್ನು ಮನೆಮಾತಾಗಿ ಆಡಿದ ಕೊನೆಯವರು ಅಂತ ಹೆಸರಾದವರು. ಕೊನೆಯವರು ಹೌದೋ ಅಲ್ಲವೋ ಅಂತ ಪಂಡಿತರು ಇನ್ನೂ ಜಗಳವಾಡುತ್ತಾರೆ. ಆ ಕಲ್ಲು ನಿಲ್ಲಿಸಿದವರಲ್ಲಿ ಒಬ್ಬ ನೆಪೋಲಿಯನ್ ವಂಶದ ರಾಜಕುಮಾರ, ಭಾಷೆಗಳ ಹುಚ್ಚಿನವನು. ಒಂದು ಭಾಷೆಗೂ ಒಂದು ದೋಣಿಗೂ ಒಂದೇ ಚರ್ಚಿನಲ್ಲಿ ಜಾಗ.

ಎಂಜಿನ್_ಕೋಣೆ

ಹುಳ ಅಂದರೆ ಹುಳವೇ.

ಅಡಿಗೆಮನೆ_ಅಕ್ಕ

ಎಲ್ಲ ಸರಿ, ಆದರೆ ಶುರುವಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಸಾಲಮನ್ ಬ್ರೌನ್ ಯಾರು? ಹಾಲ್‌ಗೆ ದೋಣಿಯ ಹೆಸರು. ದೋಣಿಗೆ ಯಾರ ಹೆಸರು?

ಎಂಜಿನ್_ಕೋಣೆ

ಹೌದಲ್ಲ! ಆರ್‌ಎನ್‌ಎಲ್‌ಐ ದೋಣಿಗಳಿಗೆ ಸಾಮಾನ್ಯವಾಗಿ ದುಡ್ಡು ಕೊಟ್ಟವರು ಹೇಳಿದ ಹೆಸರು ಇಡುತ್ತಾರೆ. ಈ ದೋಣಿಗೆ ದುಡ್ಡು ಕೊಟ್ಟವರು ಲಿಡಿಯಾ ಮೇರಿ ಡಯರ್ ಬ್ರೌನ್ ಅನ್ನೋ ಮಹಿಳೆ, ಕಾರ್ನ್‌ವಾಲ್‌ನ ಲಾನ್ಸ್‌ಟನ್ ಊರಿನವರು. ಸಾಲಮನ್ ಬ್ರೌನ್ ಅಂದರೆ ಅವರ ತಂದೆ.

ಲಾನ್ಸ್‌ಟನ್ ಕಡಲತೀರದ ಊರಲ್ಲ. ಒಳನಾಡು, ಗುಡ್ಡದ ಮೇಲೆ ಕೋಟೆ ಇರುವ ಊರು.

ತೀರದ_ತೆಂಗು

ಅಂದರೆ ಅಪ್ಪನ ಹೆಸರು ಉಳಿಯಲಿ ಅಂತ ಮಗಳು ಕೊಟ್ಟ ದುಡ್ಡು ದೋಣಿಯಾಯಿತು. ದೋಣಿಯ ಹೆಸರು ಎಂಟು ಗಂಡಸರ ಹೆಸರಾಯಿತು. ಅದು ಈಗ ಕಾಫಿ ಕುಡಿಯುವ ಹಾಲ್‌ನ ಬಾಗಿಲ ಮೇಲಿದೆ. ಎಲ್ಲಿಂದ ಎಲ್ಲಿಗೆ.

ಅಡಿಗೆಮನೆ_ಅಕ್ಕ

ದುಡ್ಡು ಕೊಟ್ಟವಳು ಅವಳು. ಬೋರ್ಡಿನ ಮೇಲೆ ಅಪ್ಪ. ಅವಳ ಹೆಸರು?

ವಾದಪ್ರಿಯ

ಅಕ್ಕ ನನ್ನ ಕೆಲಸ ಕಸಿದುಕೊಂಡರು.

ತೀರದ_ತೆಂಗು

@ಅಡಿಗೆಮನೆ_ಅಕ್ಕ ಇಲ್ಲಿಯ ಶೀರ್ಷಿಕೆಯಲ್ಲಿ ಸೇರಿಸಿದ್ದೇನೆ. ಮೇಲೆ ನೋಡಿ.